ಚಂದ್ರನಿಗೆ ಹೋಗುವ ದಾರಿ, ಮರಳಿ ಬರುವ ದಾರಿ



2023 ರ ಆಗಸ್ಟ್ 23 ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ರ ವಿಕ್ರಮ್ ನೌಕೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಅದಾದ ಕೆಲವು ದಿನಗಳ ಮೇಲೆ ತಿಕೋಟಾದ ಒಂದು ಪ್ರೌಢಶಾಲೆಯ ಮಕ್ಕಳೊಡನೆ ಮಾತನಾಡುವ ಅವಕಾಶ ನನಗೆ ಒದಗಿತು. ಜೀವನವಿಡೀ ಯಂತ್ರಶಾಸ್ತ್ರ ಪಾಠ ಮಾಡಿದವನು ನಾನು. ಒಂದು ಗಂಟೆ ಉತ್ಸಾಹದಿಂದ ಮಾತನಾಡಿದೆ. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ, ವಿಕ್ರಮ ಅಲ್ಲೇ ಉಳೀತ್ರಿ. ನಾಳೆ ಮನಷ್ಯಾರು ಹ್ವಾದ್ರ ತಿರುಗಿ ಹೆಂಗ ಬರತಾರ್ರಿ?"

ಅದೇ ವಾರ ಬಬಲೇಶ್ವರದಲ್ಲಿ ಪರಿಚಯದ ಹಿರಿಯ ರೈತರೊಬ್ಬರು ಇನ್ನೊಂದು ಪ್ರಶ್ನೆ ಕೇಳಿದರು. ಆ ವರ್ಷ ಮಳೆ ಕೈಕೊಟ್ಟಿತ್ತು. "ಸರ, ಇಲ್ಲಿ ಬಾವಿ ತಳಾ ಕಾಣತೈತಿ. ಚಂದ್ರಗ ಮಂದೀನ್ನ ಕಳಿಸಿ ಏನ್ ಮಾಡೂದೈತ್ರಿ?" ಎಂದರು.

ಹೇಗೆ ಮರಳುವುದು, ಯಾಕೆ ಹೋಗುವುದು ಎಂಬ ಈ ಎರಡು ಪ್ರಶ್ನೆಗಳಿಗೆ ಇಂದು ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ಮೊದಲು ಹುಡುಗಿಯ ಪ್ರಶ್ನೆ.

ತಿಕೋಟಾದಿಂದ ಬಹಳ ದೂರದ ಒಂದು ಊರಿಗೆ ಬಂಡಿ ಹೂಡಿಕೊಂಡು ಹೊರಟಿದ್ದೀರಿ ಎಂದು ತಿಳಿಯಿರಿ. ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಎತ್ತುಗಳಿಗೆ ಬೇಕಾದ ಜೋಳದ ಕಣಿಕಿಯನ್ನೂ ನೀರನ್ನೂ ಬಂಡಿಯಲ್ಲೇ ಹೇರಿಕೊಳ್ಳಬೇಕು. ಹೇರಿದಷ್ಟೂ ಭಾರ. ಭಾರ ಹೆಚ್ಚಾದರೆ ಇನ್ನೊಂದು ಜೋಡಿ ಎತ್ತು ಬೇಕು. ಆ ಎತ್ತುಗಳಿಗೆ ಮತ್ತೆ ಮೇವು ಬೇಕು. ಮರಳಿ ಬರುವ ದಾರಿಯ ಮೇವನ್ನೂ ಹೋಗುವಾಗಲೇ ಹೊರಬೇಕು. ರಾಕೆಟ್ಟಿನ ಕಷ್ಟವೂ ಇದೇ. ನೆಲ ಬಿಟ್ಟ ಮೇಲೆ ಅದಕ್ಕೆ ಎಲ್ಲಿಯೂ ಇಂಧನ ಸಿಗದು. ಇಂಧನ ಉರಿಯಲು ಬೇಕಾದ ಆಮ್ಲಜನಕವೂ ಸಿಗದು. ಎರಡನ್ನೂ ಹೊತ್ತೇ ಹೊರಡಬೇಕು.

ಈಗ ಒಂದು ಲೆಕ್ಕ ನೋಡೋಣ. 1969 ರ ಜುಲೈ 16 ರಂದು ಅಪೊಲೊ-11 ನೌಕೆಯನ್ನು ಹೊತ್ತು ಹಾರಿದ ಸ್ಯಾಟರ್ನ್-5 ರಾಕೆಟ್ಟಿನ ಎತ್ತರ 110 ಮೀಟರ್. ನಮ್ಮ ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಎರಡು ಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೂ ರಾಕೆಟ್ಟೇ ಎತ್ತರ. ಅದರ ತೂಕ ಸುಮಾರು 2,900 ಟನ್. ಎಂಟು ದಿನಗಳ ನಂತರ ಜುಲೈ 24 ರಂದು ಸಮುದ್ರಕ್ಕೆ ಇಳಿದ ಕೋಶದ ತೂಕವಾದರೋ ಸುಮಾರು ಐದು ಟನ್ ಇರಬಹುದಷ್ಟೆ. ಅಂದರೆ ಹೊರಟಾಗ 500 ಕಿಲೋಗಿಂತ ಹೆಚ್ಚಿದ್ದದ್ದು ಬಂದಾಗ 1 ಕಿಲೋ. ನಡುವೆ ಹೋದದ್ದೆಲ್ಲ ಉರಿದದ್ದು ಅಥವಾ ದಾರಿಯಲ್ಲಿ ಕಳಚಿ ಬಿಟ್ಟದ್ದು.

ಈ ಕಳಚುವ ಉಪಾಯವನ್ನು ಹಂತಗಳ ವಿಧಾನ ಎನ್ನುತ್ತಾರೆ. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಲ್ಲಿ ಕೃಷ್ಣೆಯ ನೀರನ್ನು ಪಂಪುಗಳಿಂದ ಎತ್ತಿ ನಮ್ಮ ಎತ್ತರದ ನೆಲಕ್ಕೆ ತರುವುದನ್ನು ನೀವು ನೋಡಿದ್ದೀರಿ. ಅಲ್ಲಿ ಪಂಪು ನದಿಯ ಬದಿಯಲ್ಲೇ ಇರುತ್ತದೆ, ನೀರು ಮಾತ್ರ ಮೇಲೇರುತ್ತದೆ. ರಾಕೆಟ್ಟಿನಲ್ಲಿ ನೀರಿನ ಜೊತೆಗೆ ಪಂಪೂ ಏರಬೇಕು. ಆದ್ದರಿಂದ ಕೆಲಸ ಮುಗಿದ ಪಂಪನ್ನು ಅಲ್ಲಲ್ಲೇ ಬಿಟ್ಟುಬಿಡುತ್ತಾರೆ. ಸ್ಯಾಟರ್ನ್-5 ರ ಮೊದಲ ಹಂತದ ಐದು ಎಂಜಿನ್ನುಗಳು ಎರಡು ಸಾವಿರ ಟನ್ನಿಗೂ ಹೆಚ್ಚು ಸೀಮೆಎಣ್ಣೆ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕವನ್ನು ಸುಮಾರು ಎರಡೂವರೆ ನಿಮಿಷದಲ್ಲಿ ಮುಗಿಸುತ್ತಿದ್ದವು. ಬರಿದಾದ ಆ ಹಂತ ಕಳಚಿ ಸಮುದ್ರಕ್ಕೆ ಬೀಳುತ್ತಿತ್ತು. ಉಳಿದ ಹಂತಗಳು ಮುಂದುವರಿಯುತ್ತಿದ್ದವು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಇಡೀ ನೌಕೆಯನ್ನೇ ಚಂದ್ರನ ಮೇಲೆ ಇಳಿಸಿ, ಇಡಿಯಾಗಿ ಮೇಲೆತ್ತಬೇಕೆಂದರೆ ಸ್ಯಾಟರ್ನ್-5 ಕ್ಕಿಂತ ಬಹಳ ದೊಡ್ಡ ರಾಕೆಟ್ ಬೇಕಾಗುತ್ತಿತ್ತು. ಜಾನ್ ಹೂಬೋಲ್ಟ್ ಎಂಬ ಎಂಜಿನಿಯರ್ ಬೇರೆ ದಾರಿಯೊಂದಕ್ಕಾಗಿ ಹಟಹಿಡಿದು ವಾದಿಸಿದರು. ಮನೆಗೆ ಮರಳಲು ಬೇಕಾದ ಭಾರದ ನೌಕೆ ಚಂದ್ರನ ಸುತ್ತ ತಿರುಗುತ್ತಿರಲಿ, ಇಬ್ಬರೇ ಒಂದು ಚಿಕ್ಕ ನೌಕೆಯಲ್ಲಿ ಕೆಳಗಿಳಿಯಲಿ, ಕೆಲಸ ಮುಗಿಸಿ ಮೇಲೆ ಬಂದು ದೊಡ್ಡ ನೌಕೆಯನ್ನು ಕೂಡಿಕೊಳ್ಳಲಿ ಎಂಬುದು ಆ ದಾರಿ. ಓಣಿ ಇಕ್ಕಟ್ಟೆಂದು ಭಾರದ ಬಂಡಿಯನ್ನು ಅಗಸಿಯಲ್ಲಿ ನಿಲ್ಲಿಸಿ ಊರೊಳಗೆ ನಡೆದು ಹೋಗುತ್ತೇವಲ್ಲ, ಹಾಗೆ. 3 ಲಕ್ಷ 80 ಸಾವಿರ ಕಿಲೋಮೀಟರ್ ದೂರದಲ್ಲಿ ಎರಡು ನೌಕೆಗಳು ಒಂದನ್ನೊಂದು ಕಂಡು ಕೂಡಿಕೊಳ್ಳುವುದೆಂದರೆ ಹುಡುಗಾಟವೇ ಎಂದು ಹಲವರು ಹೆದರಿದರು. ಕೊನೆಗೆ 1962 ರ ಜುಲೈಯಲ್ಲಿ ಆ ದಾರಿಯೇ ನಿಶ್ಚಯವಾಯಿತು.

ಆ ಚಿಕ್ಕ ನೌಕೆಯಲ್ಲಿ ತೂಕ ಉಳಿಸಲು ಪಟ್ಟ ಪಾಡು ಕೇಳಬೇಕು. ಆಸನಗಳನ್ನೇ ತೆಗೆದುಹಾಕಿದರು, ಯಾನಿಗಳು ನಿಂತುಕೊಂಡೇ ಇಳಿದರು. ಕಿಟಕಿಗಳನ್ನು ಕಿರಿದು ಮಾಡಿದರು. ಗೋಡೆಯ ದಪ್ಪ ಕೆಲವೆಡೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೇ ಇತ್ತು. ಹೊರಗೆ ಬರಿಯ ಶೂನ್ಯ, ಒಳಗೆ ಇಬ್ಬರ ಪ್ರಾಣ, ನಡುವೆ ಅಷ್ಟು ತೆಳುವಾದ ಲೋಹದ ಹಾಳೆ.

ಇಳಿಯುವುದಾದರೂ ಸುಲಭವೇ? ಚಂದ್ರನಲ್ಲಿ ಗಾಳಿಯಿಲ್ಲ, ಅಲ್ಲಿ ಪ್ಯಾರಾಚೂಟ್ ನಿರುಪಯೋಗಿ. ಎಂಜಿನ್ನನ್ನು ಮುಂದಕ್ಕೆ ಉರಿಸಿಯೇ ವೇಗ ತಗ್ಗಿಸಬೇಕು. ಬೇಕೆಂದಾಗ ಹೆಚ್ಚು, ಬೇಕೆಂದಾಗ ಕಡಿಮೆ ಉರಿಯುವ ಎಂಜಿನ್ ಬೇಕು. ಈ ಪಾಠವನ್ನು ನಮ್ಮವರು ಕಷ್ಟಪಟ್ಟೇ ಕಲಿತರು. 2019 ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2 ರ ಇಳಿನೌಕೆ ಕೊನೆಯ ಗಳಿಗೆಯಲ್ಲಿ ಹಿಡಿತ ತಪ್ಪಿ ಬಿದ್ದಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಆ ರಾತ್ರಿ ಕವಿದ ಮೌನವನ್ನು ದೇಶವೆಲ್ಲ ದೂರದರ್ಶನದಲ್ಲಿ ಕಂಡಿತು.

ಮುಂದಿನ ಬಾರಿ ಎಂಜಿನಿಯರುಗಳು ತಮ್ಮ ಪ್ರಶ್ನೆಯನ್ನೇ ಬದಲಿಸಿದರು. ಎಲ್ಲವೂ ಸರಿಯಾಗಿ ನಡೆದರೆ ಹೇಗೆ ಇಳಿಯುತ್ತದೆ ಎಂದು ಕೇಳುವ ಬದಲು, ಇದು ಕೆಟ್ಟರೆ ಹೇಗೆ, ಅದು ಕೆಟ್ಟರೆ ಹೇಗೆ ಎಂದು ಒಂದೊಂದಾಗಿ ಕೇಳಿಕೊಂಡರು. ಐದು ಎಂಜಿನ್ನುಗಳ ಬದಲು ನಾಲ್ಕನ್ನು ಇಟ್ಟರು. ಕಾಲುಗಳನ್ನು ಗಟ್ಟಿ ಮಾಡಿದರು. ಇಳಿಯಲು ಗುರುತಿಸಿದ ಜಾಗ ಮೊದಲು 500 ಮೀಟರ್ ಉದ್ದ, 500 ಮೀಟರ್ ಅಗಲವಿತ್ತು. ಅದನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹೆಚ್ಚಿಸಿದರು. ಇಳಿಯುವ ಅಭ್ಯಾಸದ ನೆಲ ನಮ್ಮ ರಾಜ್ಯದಲ್ಲೇ ಇತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಚಂದ್ರನ ಕುಳಿಗಳಂತೆ ಗುಂಡಿಗಳನ್ನು ತೋಡಿ, ಮೇಲಿನಿಂದ ಉಪಕರಣಗಳನ್ನು ಪರೀಕ್ಷಿಸಿದರು. ಒಂದು ಸೋಲನ್ನು ಮುಚ್ಚಿಡದೆ ಬಿಚ್ಚಿ ನೋಡಿದ್ದರಿಂದ ಮುಂದಿನ ಗೆಲುವು ಬಂದಿತು.

ಇನ್ನು ಮೇಲೇಳುವ ಮಾತು. ಹುಡುಗಿಯ ಪ್ರಶ್ನೆಯ ನಡುಮನೆಗೆ ಈಗ ಬಂದೆವು. ಅಪೊಲೊ ನೌಕೆಯಲ್ಲಿ ಬಹಳ ಕಡೆ ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಜೋಡಿ ವ್ಯವಸ್ಥೆ ಇತ್ತು. ಆದರೆ ಚಂದ್ರನ ನೆಲದಿಂದ ಮೇಲೆತ್ತುವ ಎಂಜಿನ್ ಒಂದೇ ಒಂದು. ಎರಡನೆಯದಕ್ಕೆ ತೂಕವಿರಲಿಲ್ಲ. ಅದು ಹೊತ್ತದಿದ್ದರೆ ಇಬ್ಬರೂ ಅಲ್ಲೇ. ಆದ್ದರಿಂದ ಆ ಎಂಜಿನ್ನನ್ನು ಸಾಧ್ಯವಾದಷ್ಟು ಸರಳ ಮಾಡಿದರು. ಅದರಲ್ಲಿ ಪಂಪು ಇಲ್ಲ, ಹೀಲಿಯಂ ಅನಿಲದ ಒತ್ತಡವೇ ಇಂಧನವನ್ನು ದೂಡುತ್ತದೆ. ಕಿಡಿ ಹೊತ್ತಿಸುವ ಸಾಧನವೂ ಇಲ್ಲ, ಎರಡು ದ್ರವಗಳು ಒಂದಕ್ಕೊಂದು ತಾಗಿದರೆ ತಾವೇ ಉರಿಯುತ್ತವೆ. ಇಲ್ಲದ ಭಾಗ ಕೆಡುವುದಿಲ್ಲ ಎಂಬುದು ಯಂತ್ರಶಾಸ್ತ್ರದ ಹಳೆಯ ಬುದ್ಧಿವಾದ. 1969 ರಿಂದ 1972 ರವರೆಗೆ ಆರು ಸಲ ಆ ಎಂಜಿನ್ ಚಂದ್ರನ ಮೇಲೆ ಹೊತ್ತಿತು, ಆರು ಸಲವೂ ಕೈಕೊಡಲಿಲ್ಲ. ನೆಲ ತುಳಿದ ಹನ್ನೆರಡು ಮಂದಿಯೂ ಮನೆಗೆ ಬಂದರು.

ನಮ್ಮ ವಿಕ್ರಮ್ ನೌಕೆಯೂ 2023 ರ ಸೆಪ್ಟೆಂಬರ್ 3 ರಂದು ಎಂಜಿನ್ನುಗಳನ್ನು ಮತ್ತೆ ಹೊತ್ತಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಪಕ್ಕಕ್ಕೆ ಇಳಿಯಿತು. ಒಂದು ಮೊಳಕ್ಕಿಂತ ಕಡಿಮೆ! ನಗುವ ವಿಷಯವಲ್ಲ. ಮರಳಿ ಬರುವ ದಾರಿಯಲ್ಲಿ ಅದು ನಮ್ಮ ಮೊದಲ ಹೆಜ್ಜೆ. 2025 ರ ಜನವರಿ 16 ರಂದು ಸ್ಪೇಡೆಕ್ಸ್ ಪ್ರಯೋಗದಲ್ಲಿ ಎರಡು ಉಪಗ್ರಹಗಳು ಭೂಮಿಯ ಸುತ್ತ ತಿರುಗುತ್ತಲೇ ಒಂದನ್ನೊಂದು ಕೂಡಿಕೊಂಡವು. ಹೂಬೋಲ್ಟ್ ವಾದಿಸಿದ ಅದೇ ಕೂಡುವಿಕೆ. ಚಂದ್ರನ ಮಣ್ಣನ್ನು ಭೂಮಿಗೆ ತರುವ ಚಂದ್ರಯಾನ-4 ಕ್ಕೆ ಕೇಂದ್ರ ಸರ್ಕಾರ 2024 ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಹಿಡಿ ಮಣ್ಣು ಮರಳಿ ಬರುವುದನ್ನು ಮೊದಲು ಕಲಿತು, ಆಮೇಲೆ ಮನುಷ್ಯನ ಮಾತು. 2040 ರ ಹೊತ್ತಿಗೆ ಭಾರತೀಯರೊಬ್ಬರು ಚಂದ್ರನ ಮೇಲೆ ಇಳಿಯಬೇಕೆಂಬ ಗುರಿಯನ್ನು ದೇಶ ಇಟ್ಟುಕೊಂಡಿದೆ.

ಕೊನೆಯ ಗಂಡಾಂತರ ಭೂಮಿಯದೇ. ಚಂದ್ರನಿಂದ ಬರುವ ಕೋಶ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ನಮ್ಮ ವಾಯುಮಂಡಲಕ್ಕೆ ನುಗ್ಗುತ್ತದೆ. ಆ ವೇಗದಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಒಂದು ನಿಮಿಷವೂ ಬೇಡ. ಕಡಿದಾಗಿ ಇಳಿದರೆ ಸುಟ್ಟುಹೋಗುತ್ತದೆ, ತೀರ ಓರೆಯಾಗಿ ಇಳಿದರೆ ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಪುಟಿದು ಹೊರಗೆ ಹೋಗುತ್ತದೆ. ನಡುವಿನ ಕಿರಿದಾದ ಹಾದಿಯಲ್ಲೇ ಬರಬೇಕು. ತಳದಲ್ಲಿರುವ ಉಷ್ಣ ಕವಚ ತಾನು ಸ್ವಲ್ಪ ಸ್ವಲ್ಪವಾಗಿ ಸುಟ್ಟು ಉದುರುತ್ತ, ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಆಮೇಲೆ ಪ್ಯಾರಾಚೂಟುಗಳು ಬಿಚ್ಚಿಕೊಳ್ಳುತ್ತವೆ.

ಇಷ್ಟು ಹುಡುಗಿಗೆ ಉತ್ತರವಾಯಿತು. ಬಬಲೇಶ್ವರದ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಖಂಡಿತ ಇದೆ. ಚಂದ್ರನಿಗೆ ಹೋದರೆ ಅವರ ಬಾವಿಗೆ ನೀರು ಬರುತ್ತದೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಸುಳ್ಳಾದೀತು. ಆದರೆ ಈ ವಿದ್ಯೆಯ ತಿರುಳು ಏನೆಂದು ಹೇಳಬಲ್ಲೆ. ಕೊರತೆಯಲ್ಲಿ ಬದುಕುವುದು ಹೇಗೆ ಎಂಬುದೇ ಅದರ ತಿರುಳು.

ಒಬ್ಬ ಮನುಷ್ಯನಿಗೆ ದಿನಕ್ಕೆ ಉಸಿರಾಡಲು ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಅವನು ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು ಒಂದು ಕಿಲೋ, ಅದನ್ನು ತೆಗೆಯಬೇಕು. ಕುಡಿಯಲು, ಅಡಿಗೆಗೆ ನೀರು ಬೇಕು. ಎಲ್ಲವನ್ನೂ ಅಳೆದು ಕೊಡಬೇಕು. ಅಪೊಲೊದಲ್ಲಿ ಜಲಜನಕ ಮತ್ತು ಆಮ್ಲಜನಕ ಕೂಡಿ ವಿದ್ಯುತ್ತನ್ನು ಕೊಡುವ ಕೋಶಗಳಿದ್ದವು. ಅವುಗಳಿಂದ ಹೊರಬರುವ ನೀರನ್ನೇ ಯಾನಿಗಳು ಕುಡಿದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧಮಾಡಿ ಮತ್ತೆ ಕುಡಿಯುತ್ತಾರೆ. 2023 ರಲ್ಲಿ ಅಲ್ಲಿ ನೂರಕ್ಕೆ 98 ಪಾಲು ನೀರನ್ನು ಮರಳಿ ಪಡೆಯುವ ಮಟ್ಟ ಮುಟ್ಟಿದರು. ನೂರು ಕೊಡ ಬಳಸಿದರೆ ಕಳೆದುಹೋಗುವುದು ಎರಡೇ ಕೊಡ!

ಈ ಮಾತು ವಿಜಯಪುರದವರಿಗೆ ಹೊಸದೇ? ತಿಕೋಟಾ ರಸ್ತೆಯ ತೊರವಿಯಿಂದ ಆದಿಲ್‌ಶಾಹಿಗಳು ನೆಲದಡಿಯ ಕಾಲುವೆಯಲ್ಲಿ ನೀರು ತಂದರು. 1651 ರಲ್ಲಿ ಬೇಗಂ ತಲಾಬ್ ಕಟ್ಟಿಸಿದರು. ದಾರಿಯಲ್ಲಿ ಗಂಜ್ ಎಂದು ಕರೆಯುವ ನೀರಿನ ಗೋಪುರಗಳನ್ನು ನಿಲ್ಲಿಸಿದರು. ಒತ್ತಡ ಹೆಚ್ಚಿ ಕೊಳವೆ ಒಡೆಯಬಾರದು, ಕೆಸರು ತಳಕ್ಕೆ ನಿಲ್ಲಬೇಕು ಎಂಬುದು ಅವುಗಳ ಉದ್ದೇಶ. ಒತ್ತಡವನ್ನು ಕಾಯುವುದು, ಕೊಳೆಯನ್ನು ಸೋಸುವುದು: ಮನುಷ್ಯರಿರುವ ಗಗನನೌಕೆಯಲ್ಲೂ ಇವೆರಡು ಕೆಲಸಗಳು ಹಗಲಿರುಳೂ ನಡೆಯಬೇಕು.

ಇನ್ನೊಂದು ಹೋಲಿಕೆ ನಮ್ಮ ಮನೆಯಲ್ಲೇ ಇದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಂಪಾಗುವುದು ಹೇಗೆ? ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಜಿನುಗಿ ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಚಂದ್ರನ ಹಗಲಿನಲ್ಲಿ ನೆಲ 100 ಡಿಗ್ರಿಗೂ ಮೀರಿ ಕಾಯಬಲ್ಲದು. ಅಲ್ಲಿ ನಡೆದವರ ಉಡುಪಿನ ಬೆನ್ನುಚೀಲದಲ್ಲಿ ರಂಧ್ರಗಳಿದ್ದ ಲೋಹದ ತಟ್ಟೆಯೊಂದಿತ್ತು. ಜಿನುಗಿದ ನೀರು ಶೂನ್ಯದಲ್ಲಿ ಮಂಜಾಗಿ, ಮಂಜು ನೇರವಾಗಿ ಆವಿಯಾಗಿ, ಮೈಯ ಶಾಖವನ್ನು ಒಯ್ಯುತ್ತಿತ್ತು. ನಮ್ಮ ಕುಂಬಾರರ ಗಡಿಗೆಯ ತತ್ವವೇ ಚಂದ್ರನ ಮೇಲೆ ನಡೆದಾಡಿತು ಎನ್ನಬಹುದು.

ಊಟದ ವಿಷಯಕ್ಕೆ ಬಂದರೆ ತಿಕೋಟಾದ ದ್ರಾಕ್ಷಿ ಬೆಳೆಗಾರರು ಇದನ್ನು ಸುಲಭವಾಗಿ ತಿಳಿಯುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಯಿಂದ ಒಂದು ಕಿಲೋ ಒಣದ್ರಾಕ್ಷಿ. ತೂಕ ಇಳಿಯಿತು, ಬಾಳಿಕೆ ಹೆಚ್ಚಿತು, ಸತ್ವ ಬಹುಮಟ್ಟಿಗೆ ಉಳಿಯಿತು. ಗಗನಯಾನಿಗಳ ಆಹಾರದಲ್ಲೂ ಇದೇ ಲೆಕ್ಕ. 1984 ರಲ್ಲಿ ರಾಕೇಶ್ ಶರ್ಮ ಬಾಹ್ಯಾಕಾಶಕ್ಕೆ ಹೋದಾಗ ಅವರಿಗೆ ಭಾರತೀಯ ತಿನಿಸುಗಳನ್ನು ಮಾಡಿಕೊಟ್ಟದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. 2025 ರ ಜೂನ್-ಜುಲೈಯಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳಕೆ ಬರಿಸಿದರು. ಆ ಪ್ರಯೋಗವನ್ನು ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡದ ಐಐಟಿ. ನಮ್ಮ ಹಿಟ್ನಳ್ಳಿಯ ಕೃಷಿ ಮಹಾವಿದ್ಯಾಲಯವೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹಿಡಿ ಹೆಸರುಕಾಳು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ಆದರೆ ಬಂಧುಗಳೇ, ಈ ವಿದ್ಯೆಗೆ ಜೀವದ ಬೆಲೆಯೂ ತೆರಬೇಕಾಗಿ ಬಂದಿದೆ. ಅದನ್ನು ಹೇಳದೆ ಮುಗಿಸಬಾರದು. 1967 ರ ಜನವರಿ 27 ರಂದು ನೆಲದ ಮೇಲೆಯೇ ನಡೆದ ಒಂದು ಪರೀಕ್ಷೆಯಲ್ಲಿ ಅಪೊಲೊ ಕೋಶದೊಳಗೆ ಬೆಂಕಿ ಹೊತ್ತಿತು. ಒಳಗೆ ತುಂಬಿದ್ದು ಶುದ್ಧ ಆಮ್ಲಜನಕ. ಬಾಗಿಲು ಒಳಕ್ಕೆ ತೆರೆಯುವಂಥದು. ಬೆಂಕಿಯ ಒತ್ತಡ ಅದನ್ನು ಅದುಮಿ ಹಿಡಿಯಿತು. ಗ್ರಿಸಮ್, ವೈಟ್, ಚಾಫೀ ಎಂಬ ಮೂವರೂ ತೀರಿಕೊಂಡರು. ಅನಂತರ ಹೊರಕ್ಕೆ ಬೇಗ ತೆರೆಯುವ ಬಾಗಿಲು ಬಂತು, ಉಡಾವಣೆಯ ವೇಳೆ ಒಳಗಿನ ಗಾಳಿಯಲ್ಲಿ ಸಾರಜನಕ ಬೆರೆಸಿದರು. ಬಾಗಿಲು ಎತ್ತ ತೆರೆಯಬೇಕು ಎಂಬ ಸಣ್ಣ ಮಾತು ಮೂರು ಮನೆಗಳನ್ನು ಬರಿದು ಮಾಡಿತು.

1970 ರ ಏಪ್ರಿಲ್ 13 ರಂದು ಅಪೊಲೊ-13 ರಲ್ಲಿ ಆಮ್ಲಜನಕದ ತೊಟ್ಟಿ ಸಿಡಿಯಿತು. ಚಂದ್ರನ ಮೇಲೆ ಇಳಿಯುವ ಆಸೆ ಅಲ್ಲಿಗೆ ಮುಗಿಯಿತು. ಇಬ್ಬರಿಗೆ ಎರಡು ದಿನಕ್ಕೆಂದು ಮಾಡಿದ ಚಿಕ್ಕ ನೌಕೆಯೇ ಮೂವರನ್ನು ಸುಮಾರು ನಾಲ್ಕು ದಿನ ಕಾಯಿತು. ಒಳಗಿನ ಗಾಳಿ ಕೆಡತೊಡಗಿತು. ಗಾಳಿ ಶುದ್ಧಮಾಡುವ ಡಬ್ಬಿಗಳು ದೊಡ್ಡ ನೌಕೆಯಲ್ಲಿ ಚೌಕ, ಚಿಕ್ಕ ನೌಕೆಯಲ್ಲಿ ದುಂಡು. ಒಂದು ಇನ್ನೊಂದಕ್ಕೆ ಹೊಂದದು. ನೆಲದ ಮೇಲಿನ ಎಂಜಿನಿಯರುಗಳು ನೌಕೆಯಲ್ಲಿದ್ದ ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಗಳಿಂದಲೇ ಜೋಡಣೆಯೊಂದನ್ನು ಮಾಡಿ ನೋಡಿ, ಆಕಾಶವಾಣಿಯ ಮೂಲಕ ಸಾಲುಸಾಲಾಗಿ ಹೇಳಿಕೊಟ್ಟರು. ಏಪ್ರಿಲ್ 17 ರಂದು ಮೂವರೂ ಕ್ಷೇಮವಾಗಿ ಇಳಿದರು. ಚೌಕದ ಡಬ್ಬಿ, ದುಂಡು ರಂಧ್ರ ಎಂಬುದು ಮೊದಲೇ ಯಾರ ಕಣ್ಣಿಗಾದರೂ ಬಿದ್ದಿದ್ದರೆ!

ನಮ್ಮ ಗಗನಯಾನ ಯೋಜನೆಯನ್ನು ನಡೆಸುವ ಮಾನವ ಬಾಹ್ಯಾಕಾಶಯಾನ ಕೇಂದ್ರ 2019 ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಪಾಯ ಬಂದರೆ ಯಾನಿಗಳ ಕೋಶವನ್ನು ರಾಕೆಟ್ಟಿನಿಂದ ಬಿಡಿಸಿ ದೂರ ಒಯ್ಯುವ ವ್ಯವಸ್ಥೆಯನ್ನು 2023 ರ ಅಕ್ಟೋಬರ್ 21 ರಂದು ಪರೀಕ್ಷಿಸಿದರು. ಆ ದಿನ ಹಾರಲು ಐದು ಸೆಕೆಂಡ್ ಇರುವಾಗ ಗಣಕಯಂತ್ರ ಎಲ್ಲವನ್ನೂ ನಿಲ್ಲಿಸಿತು. ದೇಶವೆಲ್ಲ ನೋಡುತ್ತಿತ್ತು. ಆದರೂ ಯಾರೂ ಅವಸರಿಸಲಿಲ್ಲ. ದೋಷ ಹುಡುಕಿ ಸರಿಪಡಿಸಿ, ಅದೇ ದಿನ ಹಾರಿಸಿ ಗೆದ್ದರು. ಹಾರಿಸುವ ಧೈರ್ಯಕ್ಕಿಂತ ನಿಲ್ಲಿಸುವ ಧೈರ್ಯ ದೊಡ್ಡದು.

ಬಬಲೇಶ್ವರದ ಹಿರಿಯರಿಗೆ ನಾನು ಇಷ್ಟನ್ನೇ ಹೇಳಿದೆ: ಹನಿ ನೀರನ್ನೂ ಲೆಕ್ಕವಿಡುವುದು, ತಪ್ಪನ್ನು ಮುಚ್ಚಿಡದಿರುವುದು, ಕಳಿಸಿದವರನ್ನು ಮರಳಿ ತರುವ ಹೊಣೆ ಹೊರುವುದು. ಈ ಮೂರನ್ನು ಕಲಿತ ಮಕ್ಕಳು ಕಾಲುವೆ ಕಟ್ಟಿದರೂ ಸೋರದಂತೆ ಕಟ್ಟುತ್ತಾರೆ, ಪಂಪು ಕೂಡಿಸಿದರೂ ಕೆಡದಂತೆ ಕೂಡಿಸುತ್ತಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಮೊದಲ ಕಾಲುವಿ ಕಟ್ಟೂ ಹುಡುಗೂರ್ನ ತಯಾರ್ ಮಾಡ್ರಿ, ಚಂದ್ರಗ ಆಮ್ಯಾಲ ಹೋಗೂಣು" ಎಂದರು. ಎರಡೂ ಕೆಲಸಗಳನ್ನು ಕಲಿಸುವುದು ಒಂದೇ ಶಾಲೆ ಎಂಬುದು ನನ್ನ ನಂಬಿಕೆ.

ತಿಕೋಟಾದ ಹುಡುಗಿ ಮರಳಿ ಬರುವುದನ್ನು ಮೊದಲು ಕೇಳಿದಳು. ಎಂಜಿನಿಯರ್ ಆಗುವವರು ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ. ನಿಮ್ಮ ಮನೆಯ ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ದಯವಿಟ್ಟು ಸುಮ್ಮನಾಗಿಸಬೇಡಿ.